ಪೂಜೆಗೆ ಕೂತ ಸ್ಪ್ಯಾನರುಗಳು

ನಮ್ಮ ಯಜಮಾನರಿಗೆ ಬಿಗಿ ಮಾಡುವುದೇ ಭಕ್ತಿ. ಅವರು ಮುಚ್ಚಿಟ್ಟ ಉಪ್ಪಿನಕಾಯಿ ಬಾಟಲಿ ತೆಗೆಯಬೇಕೆಂದರೆ ನಾನು ಮುಚ್ಚಳಕ್ಕೆ ಸೌಟಿನಿಂದ ನಾಲ್ಕು ಬಾರಿಸಬೇಕು. ಇಂಥವರ ಕೈಗೆ ಅವರಪ್ಪನ ಕಾಲದ ಮೋಟರ್‌ಬೈಕು ಸಿಕ್ಕಿದೆ. ಅದರ ಇಂಜಿನ್ ಕವರ್ ಅಲ್ಯುಮಿನಿಯಂನದು, ಮೆತ್ತಗಿನ ಲೋಹ. ಪ್ರತಿ ಆಯುಧಪೂಜೆಗೂ ಬೈಕು ತೊಳೆದು, ಎಲ್ಲ ಸ್ಕ್ರೂಗಳಿಗೂ 'ಇನ್ನೊಂದು ಸುತ್ತು' ಕೊಟ್ಟರೇ ಅವರಿಗೆ ಸಮಾಧಾನ. ಹೋದ ವರ್ಷ ಆ ಇನ್ನೊಂದು ಸುತ್ತಿನಲ್ಲಿ, ತೂತಿನೊಳಗೆ ಸ್ಕ್ರೂ ಕಚ್ಚಿಕೊಳ್ಳುವ ಥ್ರೆಡ್ಡೆಲ್ಲ ಕಿತ್ತು ಬಂದು, ಸ್ಕ್ರೂ ಸುಮ್ಮನೆ ಗಿರಗಿರ ತಿರುಗತೊಡಗಿತು. ಆಯಿಲ್ ನನ್ನ ರಂಗೋಲಿಯ ಮೇಲೇ ಸೋರಿತು.

ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯವನು ಆ ತೂತನ್ನು ದೊಡ್ಡದಾಗಿ ಕೊರೆದು, ಒಳಗೆ ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂರಿಸಿ ಹೊಸ ಥ್ರೆಡ್ ಮಾಡಿಕೊಟ್ಟ.

"ಇದೇ ಲಾಸ್ಟು ಸಾರ್. ಇನ್ನೊಂದ್ಸಲ ಹೋದ್ರೆ ಕೊರೆಯಕ್ಕೆ ಜಾಗಾನೇ ಇಲ್ಲ," ಎಂದ.

ಬೇರೆ ಕವರ್ ಎಲ್ಲೂ ಸಿಗುವುದಿಲ್ಲ. ಬೈಕು ನಿಂತರೆ ಭಾನುವಾರ ಇಲ್ಲೇ ಹತ್ತಿರದ ಉಲ್ಲಾಳಕ್ಕೆ ಹೋಗುವುದೂ ನಿಂತಂತೆ. ಅಲ್ಲಿ ಯಜಮಾನರ ಅಕ್ಕ ಇದ್ದಾರೆ. ಮಂಡಿನೋವೆಂದು ಹಾಸಿಗೆ ಬಿಟ್ಟು ಏಳದ ಅವರು, ಅಪ್ಪನ ಬೈಕಿನ ಸದ್ದು ಕೇಳಿದರೆ ಮಾತ್ರ ಗೋಡೆ ಹಿಡಿದುಕೊಂಡು ಗೇಟಿನವರೆಗೂ ಬರುತ್ತಾರೆ. ನಾವು ಆಟೋದಲ್ಲಿ ಹೋದ ದಿನ ಮಲಗಿದ ಕಡೆಯಿಂದಲೇ ಮಾತಾಡಿಸಿದ್ದರು.

ಸ್ಕ್ರೂ ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ಸ್ವಲ್ಪವೇ ಬಿಗಿ ಮಾಡಿ ಕೈ ತೆಗೆಯಬೇಕು. ಇದನ್ನು ಹೇಳಿ ಹೇಳಿ ನನಗೆ ಬಾಯಿ ನೋವು ಬಂತೇ ಹೊರತು ಅವರ ಕೈ ಬದಲಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಅದಕ್ಕೇ ಈ ಸಲದ ಆಯುಧಪೂಜೆಗೆ, ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಮನೆಯ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ತೊಳೆದು, ದೇವರ ಮುಂದೆ ಸಾಲಾಗಿಟ್ಟು, ಕುಂಕುಮ ಹಚ್ಚಿ ಹೂವೇರಿಸಿಬಿಟ್ಟೆ.

"ಲೇ, ನನ್ ಸ್ಪ್ಯಾನರ್ ಎಲ್ಲೇ?"

"ಪೂಜೆಗೆ ಕೂತಿವೆ. ನಾಳೆ ತೆಗೆಯೋವರ್ಗೂ ಮುಟ್ಟೋ ಹಾಗಿಲ್ಲ ರೀ."

"ಒಂದೇ ಸುತ್ತು ಕಣೇ!"

"ದೇವ್ರನ್ನೇ ಕೇಳ್ಕೊಳ್ಳಿ."

ಮುಖ ಊದಿಸಿಕೊಂಡು ಎದುರು ಮನೆಗೆ ಹೋದರು. ಅಲ್ಲೂ ಸ್ಪ್ಯಾನರಿಗೆ ಕುಂಕುಮ. ಮೇನ್ ರೋಡಿನ ಪಂಕ್ಚರ್ ಅಂಗಡಿಗೆ ಹೋದರೆ ಜಾಕಿಗೂ ಸೇವಂತಿಗೆ ಹಾರ ಬಿದ್ದಿತ್ತು. ಆ ದಿನ ಬಸವೇಶ್ವರನಗರದಲ್ಲಿ ಯಾರು ತಾನೇ ಸ್ಪ್ಯಾನರ್ ಕೊಟ್ಟಾರು! ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಮರುದಿನ ವಿಜಯದಶಮಿ. ಪೂಜೆ ತೆಗೆಯುವ ಮೊದಲೇ ಅವರನ್ನು ಉಲ್ಲಾಳಕ್ಕೆ ಹೊರಡಿಸಿ, ನಾನೂ ಹಿಂದೆ ಕೂತೆ. ಬೈಕಿನ ಸದ್ದು ಬೀದಿ ತಿರುಗುವಷ್ಟರಲ್ಲಿ ಅತ್ತಿಗೆ ಗೇಟಿಗೆ ಬಂದು ನಿಂತಿದ್ದರು. ಸೀಟನ್ನು ಸವರಿ, "ಅಪ್ಪಯ್ಯನ ಗಾಡಿ ಇನ್ನೂ ಗಟ್ಟಿಯಾಗಿದೆ ಕಣೋ," ಎಂದರು.

ಮನೆಗೆ ಬಂದ ಮೇಲೆ ಯಜಮಾನರು ಇಂಜಿನ್ ಕೆಳಗೆ ಪೇಪರ್ ಹಾಸಿ, ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಒಂದು ಹನಿಯೂ ಬೀಳಲಿಲ್ಲ. ನಾನು ಹೂವು ತೆಗೆದು ಸ್ಪ್ಯಾನರ್ ತಂದುಕೊಟ್ಟೆ. ಅವರು ಕೈ ಚಾಚಿದವರು ಹಾಗೇ ಹಿಂದಕ್ಕೆಳೆದುಕೊಂಡರು.

"ವಾಪಸ್ ದೇವ್ರ ಹತ್ರಾನೇ ಇಡು. ಅಕ್ಕ ಇರೋವರ್ಗೂ ಅಲ್ಲೇ ಇರ್ಲಿ."