ಕುಂಕುಮ ಕೊಟ್ಟು ಕರೆದ ಓಟು

ನಮ್ಮ ರಸ್ತೆಗೆ ಆಗಿನ್ನೂ ಫುಟ್‌ಪಾತ್ ಇರಲಿಲ್ಲ. ಸಿಡ್ನಿಯ ಪಶ್ಚಿಮದ ಅಂಚಿನಲ್ಲಿ ಸಾಲುಸಾಲು ಹೊಸ ಮನೆಗಳು ಏಳುತ್ತಿದ್ದ ವರ್ಷಗಳವು. ಇಂಡಿಯಾದ ಅಂಗಡಿಗಳಿದ್ದ ಹ್ಯಾರಿಸ್ ಪಾರ್ಕಿನಿಂದ ಅಕ್ಕಿ, ಬೇಳೆ ತಂದು ಬಸ್ಸಿಳಿದರೆ ಅಮ್ಮ ಒದ್ದೆ ಹುಲ್ಲಿನ ಮೇಲೆಯೇ ನಡೆದು ಬರಬೇಕಿತ್ತು. ಒಂದು ಸಲ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅಪ್ಪ ಕೌನ್ಸಿಲ್ಲಿಗೆ ಹೋಗಿ ಕೇಳಿದ. ಅವರು ನಗುನಗುತ್ತಲೇ ಮಾತಾಡಿ ಕಳಿಸಿದರು. ಮುಂದಿನ ಕೌನ್ಸಿಲ್ ಚುನಾವಣೆಗೆ, ಯಾವ ಪಕ್ಷದ ಹಂಗೂ ಇಲ್ಲದೆ, ಅಪ್ಪ ತಾನೇ ನಿಂತುಬಿಟ್ಟ.

ನನಗಾಗ ಒಂಬತ್ತು ವರ್ಷ.

ಅಪ್ಪನಿಗೆ ಪ್ರಚಾರ ಮಾಡಲು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಮದುವೆಗೆ ಕರೆಯುವುದು. ವಾರದ ಕೊನೆ ಬಂದರೆ ಅಮ್ಮ ರೇಷ್ಮೆ ಸೀರೆ ಉಟ್ಟು, ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು ಹೊರಡುತ್ತಿದ್ದಳು. ಸುತ್ತಮುತ್ತಲ ಕನ್ನಡದವರ ಮನೆಗಳಿಗೆಲ್ಲ ಹೋಗುತ್ತಿದ್ದೆವು. ಅಮ್ಮ ಹೆಂಗಸರಿಗೆ ಕುಂಕುಮ ಕೊಡುವಳು. ಅಪ್ಪ ತನ್ನ ಫೋಟೊ ಇದ್ದ ಹಸಿರು ಚೀಟಿಯನ್ನು ಎರಡೂ ಕೈಯಲ್ಲಿ ಕೊಟ್ಟು, "ಮನೆಮಂದಿಯೆಲ್ಲ ಬರಬೇಕು" ಅನ್ನುವನು.

"ಬರದೇ ಇರ್ತೀವಾ ಅಣ್ಣ? ಒಬ್ಬಟ್ಟಿನ ಊಟ ಇದೆ ಅಂದ್ರೆ ಹಿಂದಿನ ದಿನಾನೇ ಬಂದ್ಬಿಡ್ತೀವಿ" ಎಂದು ಗಿರೀಶ್ ಅಂಕಲ್ ನಗಿಸಿದರು. ಅವರ ಹೆಂಡತಿ ಸುಮಾ ಆಂಟಿ ನನ್ನ ಕೈತುಂಬ ಕೋಡುಬಳೆ ಕೊಟ್ಟರು.

ಅದಕ್ಕೆ ಮೊದಲು ನಮ್ಮ ಭಾನುವಾರಗಳಲ್ಲಿ ನಾವು ಮೂವರೇ. ಆ ವಸಂತದಲ್ಲಿ ಮಾತ್ರ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಅಪ್ಪ ಗೆದ್ದರೆ ಅದು ಹಾಗೇ ಹೊಡೆದುಕೊಳ್ಳುತ್ತಿರುತ್ತದೆ ಅಂತ ನಾನು ನಂಬಿದ್ದೆ.

ಮತದಾನ ನನ್ನ ಶಾಲೆಯಲ್ಲೇ. ಬೆಳಿಗ್ಗೆಯೇ ಅಂಗಳದ ತುಂಬ ಈರುಳ್ಳಿ ಹುರಿಯುವ ಹೊಗೆ. ಓಟು ಹಾಕಿ ಬಂದವರು ಬ್ರೆಡ್ಡಿನಲ್ಲಿ ಸಾಸೇಜ್ ಸುತ್ತಿಸಿಕೊಂಡು ತಿನ್ನುತ್ತಿದ್ದರು. ನನಗೆ ಬರೀ ಈರುಳ್ಳಿ, ಟೊಮೆಟೊ ಸಾಸ್ ಹಾಕಿ ಕೊಟ್ಟರು. ಗೇಟಿನ ಒಳ್ಳೆಯ ಜಾಗಗಳನ್ನೆಲ್ಲ ಚೀಟಿ ಹಂಚುವ ಪಕ್ಷದವರು ಗುಂಪುಗುಂಪಾಗಿ ಹಿಡಿದಿದ್ದರು. ಮ್ಯಾಗ್‌ಪೈ ಗೂಡು ಕಟ್ಟಿದ್ದ ಮರದ ಕೆಳಗೆ ಮಾತ್ರ ಯಾರೂ ಇರಲಿಲ್ಲ. ಮರಿ ಮಾಡುವ ಕಾಲದಲ್ಲಿ ಆ ಹಕ್ಕಿ ತಲೆಗೇ ಎರಗುತ್ತದೆ. ಅಪ್ಪ ಮದುವೆಯ ಕೋಟು ಹಾಕಿಕೊಂಡು, ಒಂದು ಕೈಯಲ್ಲಿ ಬಿಚ್ಚಿದ ಕೊಡೆ, ಇನ್ನೊಂದರಲ್ಲಿ ಚೀಟಿ ಹಿಡಿದು ಅಲ್ಲೇ ನಿಂತ. ಜನ "ನೋ ಥ್ಯಾಂಕ್ಸ್ ಮೇಟ್" ಅನ್ನುತ್ತ ದಾಟಿ ಹೋಗುತ್ತಿದ್ದರು.

ಹತ್ತು ಗಂಟೆಯ ಹೊತ್ತಿಗೆ ನಮ್ಮವರು ಬಂದರು. ಕರೆದ ಮನೆಯವರೆಲ್ಲ ಬಂದರು. ಸುಮಾ ಆಂಟಿ ಜರಿ ಸೀರೆಯಲ್ಲಿ, ಡಬ್ಬಿ ತುಂಬ ಪುಳಿಯೋಗರೆ ತಂದಿದ್ದರು. ಅಪ್ಪನ ಮುಖ ನೋಡಬೇಕಿತ್ತು. ಒಳಗೆ ಹೋದವರು ಸ್ವಲ್ಪ ಹೊತ್ತಿಗೇ ಹೊರಗೆ ಬಂದರು.

"ಅಣ್ಣ, ನಮ್ಮ ಹೆಸರೇ ಇಲ್ವಂತೆ" ಅಂದರು ಸುಮಾ ಆಂಟಿ. "ಇಲ್ಲೇ ನೆಲೆಸಕ್ಕೆ ಕೊಟ್ಟಿರೋ ಪಿಆರ್ ಇದ್ರೆ ಸಾಲದಂತೆ. ಸಿಟಿಜನ್ ಆಗಿರ್ಬೇಕಂತೆ."

"ಟ್ಯಾಕ್ಸ್ ಕಟ್ಟಕ್ಕೆ ಮಾತ್ರ ಪಿಆರ್ ಸಾಕು ನೋಡಿ" ಎಂದರು ಗಿರೀಶ್ ಅಂಕಲ್. ಆ ಸಲ ಯಾರೂ ನಗಲಿಲ್ಲ.

ಹಿಂದೆ ಬಂದವರದ್ದೂ ಅದೇ ಕತೆ.

ಚುನಾವಣೆಗೆ ನಿಲ್ಲಲೆಂದೇ ಅಪ್ಪ ಸಿಟಿಜನ್‌ಶಿಪ್ ತೆಗೆದುಕೊಂಡಿದ್ದ. ಅಮ್ಮನಿಗೆ ಇಂಡಿಯಾದ ಪಾಸ್‌ಪೋರ್ಟ್ ಬಿಡಲು ಮನಸ್ಸಿರಲಿಲ್ಲ, ಅವಳಿಗೂ ಓಟಿರಲಿಲ್ಲ. ಉಳಿದವರೆಲ್ಲ ತೆಗೆದುಕೊಂಡಿರುತ್ತಾರೆ ಅಂತ ಅಪ್ಪ ಅಂದುಕೊಂಡಿದ್ದ.

"ಮೊದ್ಲೇ ಒಂದ್ಮಾತು ಕೇಳ್ಬಾರ್ದಿತ್ತಾ?" ಅಂದಳು ಅಮ್ಮ, ಮೆಲ್ಲಗೆ.

"ಕರೆಯಕ್ಕೆ ಹೋದೋರು ಹಂಗೆಲ್ಲ ಕೇಳ್ತಾರೇನೇ?"

ಎಲ್ಲರೂ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದರು. ಆಮೇಲೆ ಒಬ್ಬೊಬ್ಬರಾಗಿ ಹೊರಟರು. ನಮ್ಮ ಮನೆಯಲ್ಲಿದ್ದದ್ದು ಅಪ್ಪನ ಓಟೊಂದೇ ಅಂತ ಆಗ ನನಗೆ ಅರ್ಥವಾಯಿತು.

"ಅಪ್ಪಾ, ಕ್ಯಾನ್ ವಿ ಗೋ ಹೋಮ್?"

"ಆರು ಗಂಟೆವರೆಗೂ ಇರ್ಬೇಕು ಪುಟ್ಟಿ. ಯಾರಾದ್ರೂ ಬಂದ್ರೆ? ಕರೆದೋರೇ ಬಾಗಿಲಲ್ಲಿ ಇಲ್ದಿದ್ರೆ ಹೆಂಗೆ?"

ಬಾಗಿಲು ಹಾಕುವವರೆಗೂ ನಿಂತಿದ್ದ. ಕೊನೆಗೆ ಜನ ಬಿಸಾಡಿದ್ದ ಹಸಿರು ಚೀಟಿಗಳನ್ನು ಅಪ್ಪನೂ ನಾನೂ ಆರಿಸಿದೆವು. ಅಪ್ಪನ ಫೋಟೊ ಮೇಲಿನ ಸಾಸ್ ಅನ್ನು ನಾನು ಫ್ರಾಕಿಗೆ ಒರೆಸಿದೆ.

ಸೋತ. ಫೋನು ಮತ್ತೆ ಸುಮ್ಮನಾಯಿತು. ಮರುವರ್ಷ ಅಮ್ಮ ತನ್ನ ಪಾಸ್‌ಪೋರ್ಟ್ ಬಿಟ್ಟು ಸಿಟಿಜನ್ ಆದಳು. "ಮುಂದಿನ ಸಲಕ್ಕೆ ಮನೇದೇ ಇನ್ನೊಂದು ಓಟಾದ್ರೂ ಇರ್ಲಿ" ಅಂದಳು. ಅಪ್ಪ ಮತ್ತೆ ನಿಲ್ಲಲೇ ಇಲ್ಲ. ಬೇರೆ ಯಾರೋ ಗೆದ್ದು, ಎಷ್ಟೋ ಕಾಲದ ಮೇಲೆ ಫುಟ್‌ಪಾತ್ ಹಾಕಿಸಿದರು. ಅಪ್ಪ ದಿನವೂ ಸಂಜೆ ಅದರ ಮೇಲೆ ನಡೆಯುತ್ತಿದ್ದ, ಒಬ್ಬನೇ.

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಮೆಲ್ಬರ್ನಿಗೆ, ಕ್ಲೈಡ್ ನಾರ್ತ್ ಎಂಬ ಹೊಸ ಬಡಾವಣೆಗೆ ಬಂದಳು. ಇಲ್ಲಿ ಕೌನ್ಸಿಲ್ ಚುನಾವಣೆಯ ಮತಪತ್ರ ಅಂಚೆಯಲ್ಲಿ ಬರುತ್ತದೆ. ಗೇಟಿಲ್ಲ, ಈರುಳ್ಳಿಯ ಹೊಗೆಯಿಲ್ಲ, ಚೀಟಿ ಹಿಡಿದು ಕಾಯುವವರಿಲ್ಲ. ಈಗ ಇಲ್ಲಿ ನಮ್ಮವರಿಗೆಲ್ಲ ಓಟಿದೆ. ಪಕ್ಕದ ಮನೆಯವರೂ ಕನ್ನಡದವರೇ. ಅವರ ಮನೆಯೊಳಗೆ ನಾವಿನ್ನೂ ಹೋಗಿಲ್ಲ.

ಈ ಸಲದ ಹೆಸರುಗಳನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕನ್ನಡಕ ತೆಗೆದು ಕೇಳಿದಳು:

"ಇವ್ರಲ್ಲಿ ನಮ್ಮನ್ನ ಕರೆದೋರು ಯಾರೇ?"

ಯಾರೂ ಇಲ್ಲ ಅಂದೆ. ನಮ್ಮಿಬ್ಬರ ಮತಪತ್ರ ತುಂಬಿ, ಎರಡೂ ಲಕೋಟೆ ಅಂಟಿಸಿ ಅಂಚೆಪೆಟ್ಟಿಗೆಗೆ ಹಾಕಿಬರಲು ಹೊರಟೆ. ದಾರಿಯುದ್ದಕ್ಕೂ ಅಗಲವಾದ, ಹೊಸ ಫುಟ್‌ಪಾತ್. ಎದುರಿಗೆ ಒಬ್ಬರೂ ಸಿಗಲಿಲ್ಲ.