ಕಾಯಿ ಹಾಕದ ಸೂಪು

ತೆಂಗಿನಕಾಯಿ ಹಾಕದ ಯಾವುದೂ ಮೂಡುಬಿದಿರೆಯವರ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನಮ್ಮ ಕಾಲೇಜಿನ ಮೆಸ್ಸಿನಲ್ಲಿ ಎಲ್ಲರೂ ನಂಬಿದ್ದರು. ಮಳೆಗಾಲ ಮುಗಿದು ಪಕ್ಕದ ಊರು ಬೆಳುವಾಯಿಯಿಂದ ಎಳೆ ಹೀರೆಕಾಯಿ, ಸಿಹಿಗುಂಬಳ, ಅಲಸಂಡೆ ಬಂದ ದಿನ ನಾನು ಸೂಪು ಮಾಡುತ್ತೇನೆಂದೆ.

"ಕಾಯಿ ಎಷ್ಟು ತುರಿಯುವ ಸರ್?" ಎಂದರು ಅಡುಗೆಯ ವಸಂತಣ್ಣ.

"ಬೇಡ."

"ಅದು ಜ್ವರ ಬಂದವರಿಗೆ ಕೊಡುವುದು ಮಾರಾಯ್ರೆ! ಉಳಿದರೆ ನೀವೇ ಕುಡಿಯಬೇಕು, ಮತ್ತೆ ನನ್ನ ಒಲೆ ಮುಟ್ಟಬಾರದು."

ಒಪ್ಪಿದೆ. ತರಕಾರಿ ಬೇಯಿಸಿ, ಸೌಟಿನಿಂದ ಹಿಚುಕಿ, ಉಪ್ಪು, ಕಾಳುಮೆಣಸು ಹಾಕಿದೆ. ಇದಕ್ಕೆ ಪದವಿ ಬೇಕಿಲ್ಲ. ವಸಂತಣ್ಣ ಮಾತ್ರ ನನ್ನ ಮಾನ ಉಳಿಸಲೆಂದು ಒಂದು ಬಟ್ಟಲು ಕಾಯಿ ತುರಿದಿಟ್ಟುಕೊಂಡು ಪಕ್ಕದಲ್ಲೇ ಕಾದರು. "ಉಪ್ಪು ಉಂಟಾ ನೋಡುವ" ಎಂದು ಒಂದು ಲೋಟ ಕುಡಿದರು. ಸರಿಯಾಗಿ ಗೊತ್ತಾಗಲಿಲ್ಲವೆಂದು ಇನ್ನೊಂದು ಕುಡಿದರು.

ಊಟ ಮುಗಿದಾಗ ಸೂಪಿನ ಪಾತ್ರೆ ಖಾಲಿಯಾಗಿತ್ತು. ಕಾಯಿತುರಿ ಬಟ್ಟಲಲ್ಲೇ ಇತ್ತು.