ಅಜ್ಜನ ಉಡದಾರ

ಜಮಖಂಡಿಯ ದವಾಖಾನೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ರನ್ನ ಬೆಳಗಲಿಯ ಮುದುಕರೊಬ್ಬರು ಕಬ್ಬಿನ ಗಾಡಿಯಿಂದ ಬಿದ್ದು ಬಂದರು. ಎರಡು ಫಿಲ್ಮ್ ಹಾಳಾದವು. ಅವರ ಬೆಳ್ಳಿ ಉಡದಾರ ಜಾರಿ ತೊಡೆ ಎಲುಬಿನ ಮೇಲ್ತುದಿಯ ಮೇಲೇ ಕೂತು, ಫಿಲ್ಮಿನಲ್ಲಿ ಅದನ್ನು ಮರೆಮಾಡುತ್ತಿತ್ತು.

“ಅಜ್ಜಾರ, ಉಡದಾರ ಬಿಚ್ರಿ.”

“ಅದನ್ನ ಹೆಣದ ಮೈಮ್ಯಾಲಿಂದ ಬಿಚ್ಚತಾರ. ನಾ ಇನ್ನೂ ಜೀವಂತ ಅದೀನಿ.”

“ಎಲುಬು ಮುರದೈತೋ ಇಲ್ಲೋ ನೋಡಬೇಕ್ರಿ!” ಎಂದು ಚೀರಿದೆ.

“ಮುರದೈತಿ ಅಂತ ನಾನ ಹೇಳಾಕತ್ತೇನಲ್ಲ, ಬರಕೋ.”

ತಲೆ ಕೆಟ್ಟು, ಬ್ಯಾಂಡೇಜ್ ಬಟ್ಟೆಯನ್ನೇ ಹರಿದು ಅವರ ಟೊಂಕಕ್ಕೆ ಕಟ್ಟಿದೆ. ಟೊಂಕ ಬರಿದಾಗಲಿಲ್ಲವೆಂದು ಖಾತ್ರಿಯಾದ ಮೇಲೆ ಬೆಳ್ಳಿಯದನ್ನು ಬಿಚ್ಚಿಕೊಟ್ಟರು. ಎಲುಬು ಖರೆನೇ ಮುರಿದಿತ್ತು.

ಎಂಥ ಹಟಮಾರಿ ಮುದುಕ ಎಂದು ಬೈಯುತ್ತಲೇ ಮನೆಗೆ ಹೋದೆ. ಜಳಕಕ್ಕೆ ನಿಂತಾಗ ನನ್ನ ಉಡದಾರದ ಕರಿನೂಲು ಸವೆದದ್ದು ಕಂಡಿತು. ಕತ್ತರಿ ತಂದೆ. ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಕತ್ತರಿಸಿದೆ.